ಹಿಮ್ಮೇಳಕ್ಕೆ ನಿಲ್ಲದವರ ತೀರ್ಪು

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ನಂಜನಗೂಡು ದಾಟಿದ ಮೇಲೆ ಬದನಗುಪ್ಪೆಯಲ್ಲಿಯೂ ನಿಲ್ಲುತ್ತದೆ. ಹೊರಗಿನವರಿಗೆ ಈಗ ಈ ಊರಿನ ಹೆಸರು ಪರಿಚಯವಾಗಿರುವುದು ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಿಂದ. ಆದರೆ ಈ ಸೀಮೆಗೆ ಕಾರ್ಖಾನೆಗಿಂತ ಹಳೆಯ ಗುರುತೊಂದಿದೆ. ಒಂದು ಕಡೆ ಮಲೆ ಮಹದೇಶ್ವರನ ಬೆಟ್ಟ ಮತ್ತು ಚಿಕ್ಕಲ್ಲೂರು, ನಡುವೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳು, ಇನ್ನೊಂದು ಕಡೆ ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಕನ್ನಡದ ಎರಡು ದೊಡ್ಡ ಮೌಖಿಕ ಮಹಾಕಾವ್ಯಗಳು, ಮಾದೇಶ್ವರನದು ಮತ್ತು ಮಂಟೇಸ್ವಾಮಿಯದು, ಇಲ್ಲಿಯ ಗಂಟಲುಗಳಲ್ಲಿ ಇಂದಿಗೂ ಉಳಿದಿವೆ. ಕಂಸಾಳೆ ಹಿಡಿದ ದೇವರಗುಡ್ಡರು, ತಂಬೂರಿ ಹಿಡಿದ ನೀಲಗಾರರು ಇಡೀ ರಾತ್ರಿ ಹಾಡುವುದನ್ನು ಕೇಳುತ್ತಲೇ ತಾಯಿಯ ಮಡಿಲಲ್ಲಿ ನಿದ್ದೆಹೋಗುವ ಮಕ್ಕಳು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅಂಥ ಮಗು ಆರನೆಯ ವಯಸ್ಸಿಗೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಬರುತ್ತದೆ. ಅಲ್ಲಿ ಒಂದು ದಿನ ಅದು ಹಾಡುತ್ತದೆ, ಕುಣಿಯುತ್ತದೆ. ವರ್ಷದ ಕೊನೆಗೆ ಪ್ರಗತಿಪತ್ರದ ಒಂದು ಚೌಕದಲ್ಲಿ ಅದರ ಹಾಡಿಗೆ ಒಂದು ಅಕ್ಷರ ಬೀಳುತ್ತದೆ: ಎ, ಬಿ+, ಬಿ. ಈ ಬರಹ ಆ ಅಕ್ಷರದ ಬಗ್ಗೆ. ಅದನ್ನು ಬರೆಯುವ ಅಧಿಕಾರ ಯಾರಿಗೆ, ಎಲ್ಲಿಂದ ಬಂತು ಎಂಬುದು ಶಿಕ್ಷಣ ಇಲಾಖೆಯ ಸುತ್ತೋಲೆಯಲ್ಲಿ ಮುಗಿದುಹೋಗುವ ಪ್ರಶ್ನೆಯಲ್ಲ. ಹಾಡನ್ನು ದೇವರಿಗೆ ಸಲ್ಲುವ ವಸ್ತುವೆಂದು ನಂಬಿದ ಸೀಮೆಯಲ್ಲಿ ಅದು ಧರ್ಮದ ಪ್ರಶ್ನೆಯೂ ಹೌದು.

ಕಾನೂನಿನ ಕಡೆಯಿಂದ ನೋಡಿದರೆ ಯಾರ ಉದ್ದೇಶವೂ ಕೆಟ್ಟದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಮಗುವನ್ನು ಭಯ, ಆತಂಕಗಳಿಂದ ಮುಕ್ತವಾಗಿಡಬೇಕು ಎನ್ನುತ್ತದೆ. ಅದರ ಮರುಸಾಲಿನಲ್ಲಿಯೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಮಾಡಬೇಕು ಎನ್ನುತ್ತದೆ. ಲೆಕ್ಕ ಮತ್ತು ಭಾಷೆಯಷ್ಟೇ ಮಗುವಲ್ಲ, ಅದರ ಹಾಡು, ಚಿತ್ರ, ಆಟವೂ ಮಗುವೇ ಎಂಬ ಒಳ್ಳೆಯ ತಿಳಿವಳಿಕೆಯಿಂದಲೇ ‘ವ್ಯಾಪಕ’ ಎಂಬ ಮಾತು ಬಂದದ್ದು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಪರೀಕ್ಷೆ ಹೊಂದುವುದಿಲ್ಲ, ಮಗುವನ್ನು ಗಮನಿಸಿ ಅದರ ಕೆಲಸವನ್ನು ನೋಡಿ ಅರಿಯಬೇಕು ಎಂದಿತು. ಕರ್ನಾಟಕ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಬದಿಗಿಟ್ಟು 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ಶಿಕ್ಷಣ ನೀತಿ ಆಯೋಗ ನೇಮಿಸಿತು. ನೀತಿ ಯಾರದೇ ಇರಲಿ, ಹಾಡಿನ ಚೌಕ ಮಾತ್ರ ಖಾಲಿ ಬಿಡುವಂತಿಲ್ಲ. ಒಂದರಿಂದ ಮೂರರವರೆಗಿನ ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡ ನಲಿ–ಕಲಿ ಶಿಕ್ಷಕಿ ಭಾಷೆ, ಗಣಿತ, ಪರಿಸರ ಮುಗಿಸಿ, ಬಿಸಿಯೂಟ ನೋಡಿ, ದಾಖಲೆ ತುಂಬುವಾಗ ಹಾಡಿನ ಚೌಕಕ್ಕೆ ಬಂದು ನಿಲ್ಲುತ್ತಾರೆ. ಬಹುಪಾಲು ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆ ಎಂಬುದೇ ಇಲ್ಲ. ಆಗ ಪೆನ್ನು ಏನು ಮಾಡುತ್ತದೆ? ಚೆನ್ನಾಗಿ ಓದುವ ಮಗುವಿಗೆ ಹಾಡಿನಲ್ಲಿಯೂ ಎ, ಮೂಲೆಯಲ್ಲಿ ಕೂರುವ ಮಗುವಿಗೆ ಬಿ. ಇದು ಶಿಕ್ಷಕಿಯ ತಪ್ಪೆಂದು ಹೇಳುವುದು ಸುಲಭ, ನ್ಯಾಯವಲ್ಲ.

ಈ ಸೀಮೆಯ ಧರ್ಮಸಂಪ್ರದಾಯಗಳಲ್ಲಿ ಹಾಡಿಗೆ ಎರಡು ಬಗೆಯ ಬಾಳುವೆ ಇದೆ. ಒಂದು, ಸೇವೆ. ಮಾದಪ್ಪನ, ಅಂದರೆ ಮಹದೇಶ್ವರನ, ಬೆಟ್ಟದಲ್ಲಿ ಉರುಳುಸೇವೆ ಮಾಡುತ್ತಾರೆ, ಪಂಜಿನ ಸೇವೆ ಮಾಡುತ್ತಾರೆ. ಯಾರ ಉರುಳು ನೇರವಾಗಿತ್ತು, ಯಾರದು ಡೊಂಕಾಯಿತು ಎಂದು ಬರೆದಿಟ್ಟುಕೊಳ್ಳುವವರು ಇಲ್ಲ. ದೇವರ ಮುಂದೆ ಹಾಡುವುದೂ ಈ ಸಾಲಿಗೇ ಸೇರಿದ್ದು. ಇನ್ನೊಂದು, ವಿದ್ಯೆ. ಕಂಸಾಳೆಯ ಒಂದು ತಾಳ ಬಟ್ಟಲಿನಂತೆ ಎಡಗೈಯಲ್ಲಿ ಕೂರಬೇಕು, ಗೊಂಡೆ ಕಟ್ಟಿದ ಇನ್ನೊಂದು ಬಲಗೈಯಿಂದ ಬೀಸಿ ಬಂದು ಅದಕ್ಕೆ ಸರಿಯಾಗಿ ತಾಗಬೇಕು. ಲಯ ತಪ್ಪಿದರೆ ಪಕ್ಕದವನ ಮುಖಕ್ಕೇ ಪೆಟ್ಟು. ಇಲ್ಲಿ ತಿದ್ದುವಿಕೆ ಕಠೋರವಾಗಿಯೇ ಇರುತ್ತದೆ. ನೀಲಗಾರರ ಮೇಳದಲ್ಲಿ ಹೊಸಬ ಮೊದಲು ನಿಲ್ಲುವುದು ಹಿಮ್ಮೇಳದಲ್ಲಿ. ಮುಂದಿನವರು ಹಾಡಿಬಿಟ್ಟ ಸೊಲ್ಲನ್ನು ಎತ್ತಿಕೊಳ್ಳುವುದೇ ಅವನ ಪಾಠ. ಎತ್ತಿದ್ದು ಸರಿಯಿಲ್ಲದಿದ್ದರೆ ಆ ಕ್ಷಣದಲ್ಲಿ, ಆ ಸಾಲಿನಲ್ಲಿ, ಹಾಡಿನ ಒಳಗೇ ಅದನ್ನು ಎಳೆದು ಸರಿಮಾಡುತ್ತಾರೆ. ಸೇವೆಯಲ್ಲಿ ತೂಕವೂ ಇಲ್ಲ, ತಿದ್ದುಪಡಿಯೂ ಇಲ್ಲ. ವಿದ್ಯೆಯಲ್ಲಿ ತಿದ್ದುಪಡಿ ಇದೆ, ತೂಕ ಇಲ್ಲ. ಶಾಲೆಯ ಚೌಕ ಇವೆರಡನ್ನೂ ಬಿಟ್ಟು ಮೂರನೆಯದೊಂದನ್ನು ಮಾಡುತ್ತದೆ: ತಿದ್ದದೆ ತೂಗುತ್ತದೆ. ಬಿ+ ಪಡೆದ ಮಗುವಿಗೆ ತನ್ನ ಹಾಡಿನಲ್ಲಿ ಏನು ಸೊಟ್ಟಗಿತ್ತು ಎಂದು ಯಾರೂ ಹೇಳಿರುವುದಿಲ್ಲ. ಎಷ್ಟಕ್ಕೆ ಬಾಳುತ್ತದೆ ಎಂದಷ್ಟೇ ಹೇಳಿರುತ್ತಾರೆ. ನನ್ನ ತಕರಾರು ಇಷ್ಟೇ. ಮಗುವಿನ ಹಾಡನ್ನು ತಿದ್ದುವ ಹಕ್ಕು ಶಾಲೆಗೆ ಇದೆ. ಅದನ್ನು ತೂಗುವ ಹಕ್ಕು ಇಲ್ಲ. ತಿದ್ದುವ ಹಕ್ಕಾದರೂ ಹುದ್ದೆಯಿಂದ ಬರುವಂಥದಲ್ಲ, ಹಿಮ್ಮೇಳಕ್ಕೆ ನಿಂತವರಿಗೆ ಮಾತ್ರ ಬರುವಂಥದು.

ಪರೀಕ್ಷೆಯ ಬಗ್ಗೆ ಈ ನೆಲಕ್ಕೆ ತಿಳಿಯದೇನಲ್ಲ. ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲೇ ಒಂದು ಪರೀಕ್ಷೆಯ ಕಥೆ. ಬಸವಣ್ಣನ ಕಲ್ಯಾಣದಲ್ಲಿ ಶರಣರೆಂದು ಹೇಳಿಕೊಳ್ಳುವವರು ಲಕ್ಷಗಟ್ಟಲೆ ಸೇರಿದ್ದಾರೆ. ಅವರಲ್ಲಿ ನಿಜವೆಷ್ಟು, ವೇಷವೆಷ್ಟು ಎಂದು ನೋಡಲು ಮಂಟೇಸ್ವಾಮಿ ಬರುತ್ತಾನೆ. ಬರುವುದು ಹೇಗೆ? ಮೈತುಂಬ ವ್ರಣ ಹೊತ್ತು, ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳುವಂಥ ರೂಪದಲ್ಲಿ. ಬಾಗಿಲು ಕಾಯುವವರು ಅವನನ್ನು ಹೊರಗೇ ತಡೆಯುತ್ತಾರೆ. ಅವರ ಪಾಲಿಗೆ ತಾವು ಮಾಡುತ್ತಿರುವುದು ಮೌಲ್ಯಮಾಪನ: ಒಳಗೆ ಬಿಡಲು ಯೋಗ್ಯ ಯಾರು, ಅಲ್ಲದವ ಯಾರು. ಕಥೆ ಕೇಳುತ್ತಿರುವವರಿಗೆ ಮಾತ್ರ ಗೊತ್ತು, ಅಲ್ಲಿ ಪರೀಕ್ಷೆಗೆ ಒಳಗಾಗಿರುವವರು ಬಾಗಿಲಲ್ಲಿ ನಿಂತವರೇ ಎಂದು. ಅಳೆಯುವವನ ಅಳತೆಗೋಲೇ ಅವನನ್ನು ಬಯಲು ಮಾಡುತ್ತದೆ ಎಂಬ ಈ ಒಳನೋಟವನ್ನು ಯಾವ ಶಿಕ್ಷಣಶಾಸ್ತ್ರದ ಪುಸ್ತಕಕ್ಕಿಂತ ಕಡಿಮೆಯದೆಂದು ನಾನು ಎಣಿಸಲಾರೆ. ಪ್ರತಿ ವರ್ಷ ಚಳಿಗಾಲದ ಹುಣ್ಣಿಮೆಗೆ ಮಂಟೇಸ್ವಾಮಿ ಪರಂಪರೆಯ ಚಿಕ್ಕಲ್ಲೂರಿನಲ್ಲಿ ಐದು ದಿನದ ಜಾತ್ರೆ ನಡೆಯುತ್ತದೆ. ಈ ಪರಂಪರೆಯ ಕಥೆ ಕೇಳಿ ಬೆಳೆದ ಮಕ್ಕಳೇ ಊರಿಗೆ ಮರಳಿ ಶಾಲೆಯ ಸಾಲಿನಲ್ಲಿ ನಿಂತು ಹಾಡುತ್ತಾರೆ. ಎದುರಿಗೆ ಕೂತವರ ಬಳಿ ಒಂದು ಕಾಗದ ಇರುತ್ತದೆ.

‘ಹಾಗಾದರೆ ಭಕ್ತಿಯಿದ್ದರೆ ಸಾಕು, ಅಪಸ್ವರವೂ ಸ್ವರವೇ?’ ಎಂದು ಸಂಗೀತ ಬಲ್ಲವರು ಕೇಳುತ್ತಾರೆ. ಭಕ್ತಿಯೇ ಸಾಕೆಂಬ ವಾದಕ್ಕೆ ಬೆಂಬಲವಾಗಿ ಬಸವಣ್ಣನ ಪ್ರಸಿದ್ಧ ವಚನವೊಂದನ್ನು ತರುವುದುಂಟು. ತಾಳ, ಛಂದಸ್ಸಿನ ಗಣ ಯಾವುದರ ಲೆಕ್ಕವೂ ತನಗೆ ಗೊತ್ತಿಲ್ಲ, ಮನಸ್ಸು ಒಲಿದ ಹಾಗೆ ಹಾಡುತ್ತೇನೆ ಎಂದು ಅಲ್ಲಿ ಅವನು ಕೂಡಲಸಂಗನಿಗೆ ಹೇಳುತ್ತಾನೆ. ಆದರೆ ಆ ಮಾತು ಹೇಳುತ್ತಿರುವವನು ಭಾಷೆಯ ಲಯದ ಮೇಲೆ ಅಸಾಧಾರಣ ಹಿಡಿತವಿದ್ದ ಮನುಷ್ಯ ಎಂಬುದನ್ನು ಮರೆಯಬಾರದು. ಲೆಕ್ಕ ಗೊತ್ತಿಲ್ಲ ಎಂಬುದು ಅಭ್ಯಾಸ ಬೇಡ ಎಂಬ ಮಾತಲ್ಲ. ದೇವರು ಮತ್ತು ಹಾಡಿನ ನಡುವೆ ಲೆಕ್ಕಿಗನಿಗೆ ಜಾಗವಿಲ್ಲ ಎಂಬ ಮಾತು. ಭಕ್ತಿಪರಂಪರೆಯಲ್ಲೇ ಇದಕ್ಕೆ ಇನ್ನೊಂದು ಮುಖವೂ ಇದೆ. ಮಾಯಾಮಾಳವಗೌಳದ ಸರಳೆ, ಜಂಟಿ, ಅಲಂಕಾರ ಎಂದು ಮೆಟ್ಟಿಲು ಕಟ್ಟಿ ಎಳೆಯರಿಗೆ ಸಂಗೀತ ಕಲಿಸುವ ಕ್ರಮವನ್ನು ನಮ್ಮ ಸಂಪ್ರದಾಯ ಪುರಂದರದಾಸರ ಹೆಸರಿಗೇ ಸಲ್ಲಿಸಿದೆ. ದಾಸರು ಮೆಟ್ಟಿಲು ಕಟ್ಟಿದರು, ಮೆಟ್ಟಿಲಿಗೊಂದು ಬೆಲೆಚೀಟಿ ಅಂಟಿಸಲಿಲ್ಲ. ಮುಂದಿನ ಮೆಟ್ಟಿಲಿಗೆ ಕಾಲಿಡುವ ಮೊದಲು ಹಿಂದಿನದು ಗಟ್ಟಿಯಾಗಿದೆಯೇ ಎಂದು ಗುರು ನೋಡುತ್ತಾನೆ. ಆ ನೋಟ ಮುಂದಿನ ಪಾಠಕ್ಕಾಗಿ. ವಿಚಿತ್ರವೆಂದರೆ ನಲಿ–ಕಲಿಯ ಮೂಲ ಕಲ್ಪನೆ ಇದಕ್ಕೆ ತೀರ ಹತ್ತಿರದ್ದು. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009–10ರ ಹೊತ್ತಿಗೆ ಇಡೀ ರಾಜ್ಯಕ್ಕೆ ಹರಡಿದ ಈ ಪದ್ಧತಿಯಲ್ಲಿ ಕಲಿಕಾ ಏಣಿ ಇದೆ, ಮೈಲಿಗಲ್ಲುಗಳಿವೆ; ಮಗು ತನ್ನ ವೇಗದಲ್ಲಿ ಹತ್ತುತ್ತದೆ. ಏಣಿ ಹತ್ತುವುದಕ್ಕೆ ಇರುವಂಥದು. ಅದನ್ನೇ ಮಲಗಿಸಿ ಅಳತೆಗೋಲು ಮಾಡಿಕೊಂಡಲ್ಲಿ ಕೆಲಸ ಕೆಟ್ಟಿತು.

ಹರಿಹರನ ರಗಳೆಯ ಕುಂಬಾರ ಗುಂಡಯ್ಯನನ್ನು ಈ ಸಂದರ್ಭದಲ್ಲಿ ನೆನೆಯದೆ ಇರಲು ಆಗುವುದಿಲ್ಲ. ಗಡಿಗೆ ತಟ್ಟುವುದೇ ಅವನ ಕಸುಬು, ಆ ತಟ್ಟುವಿಕೆಯೇ ಅವನ ವಾದ್ಯ. ತಟ್ಟುತ್ತ ಮೈಮರೆತು ಕುಣಿಯುತ್ತಾನೆ. ಆ ಸದ್ದು ಕೇಳಿ ಶಿವ ತಡೆಯಲಾರದೆ ಇಳಿದು ಬಂದು ತಾನೂ ಕುಣಿಯುತ್ತಾನೆ. ನಾಟ್ಯಕ್ಕೆ ಒಡೆಯನೆಂದು ಲೋಕ ಯಾರನ್ನು ಕರೆಯುತ್ತದೋ ಅವನಿಗಿಂತ ಅರ್ಹ ತೀರ್ಪುಗಾರ ಬೇರೆ ಯಾರಿದ್ದಾರೆ? ಆದರೂ ಅವನು ತೀರ್ಪು ಕೊಡಲಿಲ್ಲ, ಜೊತೆಗೂಡಿದ. ಕಥೆಯ ಸೊಗಸು ಇರುವುದೇ ಇಲ್ಲಿ. ಬಲ್ಲವನ ಮೆಚ್ಚುಗೆ ಕೂಡಿ ಕುಣಿಯುವುದರಲ್ಲಿ ತೋರುತ್ತದೆಯೇ ಹೊರತು ದೂರ ಕೂತು ಎಣಿಸುವುದರಲ್ಲಿ ಅಲ್ಲ. ಹಿಮ್ಮೇಳದ ಮಾತನ್ನು ನಾನು ತತ್ವವಾಗಿ ಹಿಡಿದಿರುವುದಕ್ಕೆ ಇದೂ ಒಂದು ಆಧಾರ.

ಇದಕ್ಕೆ ಗಟ್ಟಿಯಾದ ಎದುರುವಾದ ಬರುವುದು ಭರತನಿಂದಲೇ. ಕಲೆಯನ್ನು ಅಳೆಯುವುದು ಇಂಗ್ಲಿಷ್ ಶಾಲೆ ತಂದ ರೋಗವೇನಲ್ಲ; ನಾಟ್ಯಶಾಸ್ತ್ರ ಪ್ರಯೋಗದ ಸಿದ್ಧಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದೆ. ಅಲ್ಲಿ ಪ್ರಾಶ್ನಿಕರು ಎಂಬ ತೀರ್ಪುಗಾರರಿದ್ದಾರೆ, ದೋಷಗಳ ಎಣಿಕೆ ಇದೆ, ಗೆದ್ದವರಿಗೆ ಬಹುಮಾನವೂ ಇದೆ. ಇದನ್ನು ಒಪ್ಪಲೇಬೇಕು. ಆದರೆ ಭರತ ಹೇಳುವುದನ್ನು ಪೂರ್ತಿ ಕೇಳಬೇಕು. ಅವನ ಪ್ರಾಶ್ನಿಕ ಒಬ್ಬನಲ್ಲ, ಹತ್ತು ಬಗೆಯವರು: ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವೈಯಾಕರಣ, ರಾಜ, ಬಿಲ್ವಿದ್ಯೆ ಬಲ್ಲವನು, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ. ಯಜ್ಞದ ದೃಶ್ಯಕ್ಕೆ ಯಜ್ಞ ಬಲ್ಲವನೇ, ಬಾಣ ಬಿಡುವ ದೃಶ್ಯಕ್ಕೆ ಬಿಲ್ಲು ಹಿಡಿದವನೇ. ತನಗೆ ಬಾರದ್ದರ ಬಗ್ಗೆ ಯಾರೂ ತೀರ್ಪು ಹೇಳುವಂತಿಲ್ಲ. ಇನ್ನು ಅಳೆಯಲ್ಪಡುವವರು ಯಾರು? ವರ್ಷಗಟ್ಟಲೆ ಪಳಗಿದ ನಟರ ಮೇಳ, ಅದೂ ಸ್ಪರ್ಧೆಗೆಂದು ತಾವಾಗಿ ಬಂದವರು. ಆರು ವರ್ಷದ ಮಗು ಯಾವ ಪಣಕ್ಕೂ ಒಪ್ಪಿಕೊಂಡು ಬಂದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಭರತ ಸಿದ್ಧಿಯಲ್ಲಿ ಎರಡು ಬಗೆ ಹೇಳುತ್ತಾನೆ. ಮಾನುಷೀ ಸಿದ್ಧಿಯಲ್ಲಿ ನೋಡುವವರು ನಗುತ್ತಾರೆ, ಸಾಧು ಎನ್ನುತ್ತಾರೆ, ರೋಮಾಂಚನಗೊಳ್ಳುತ್ತಾರೆ, ಬಟ್ಟೆ ಉಂಗುರ ಎಸೆಯುತ್ತಾರೆ. ಇದನ್ನು ಎಣಿಸಬಹುದು. ದೈವೀ ಸಿದ್ಧಿಯಲ್ಲಿ ಸದ್ದೇ ಇಲ್ಲ, ಕಲಕಲವಿಲ್ಲ. ತುಂಬಿದ ರಂಗಮಂದಿರ ಸುಮ್ಮನೆ ಇರುತ್ತದೆ. ತೀರ್ಪುಗಾರರ ಪಟ್ಟಿ ಮಾಡಿದ ಶಾಸ್ತ್ರಕಾರನೇ ಎಣಿಕೆಗೆ ಸಿಗದ ಮೌನವನ್ನು ದೈವೀ ಎಂದು ಕರೆದ.

ಶಾಸ್ತ್ರ, ಪುರಾಣಗಳ ಮಾತು ಪಕ್ಕಕ್ಕಿರಲಿ, ಮಕ್ಕಳನ್ನು ನೋಡಿ ಬರೆದವರು ಏನು ಹೇಳುತ್ತಾರೆ? ಅಮೆರಿಕದ ಎಡ್ವಿನ್ ಗಾರ್ಡನ್ ಸಂಗೀತದ ಸಹಜಶಕ್ತಿಯನ್ನು ಅಳೆಯುವುದಕ್ಕೇ ಜೀವಮಾನ ಕಳೆದವರು. ಐದರಿಂದ ಎಂಟು ವರ್ಷದ ಮಕ್ಕಳಿಗೆಂದು 1979ರಲ್ಲಿ ಒಂದು ಪರೀಕ್ಷೆಯನ್ನೂ ರೂಪಿಸಿದರು. ಅಂಥವರೇ ಕಂಡುಕೊಂಡ ಸಂಗತಿ, ಸುಮಾರು ಒಂಬತ್ತು ವರ್ಷದವರೆಗೆ ಈ ಶಕ್ತಿ ನೆಲೆ ನಿಲ್ಲುವುದಿಲ್ಲ ಎಂಬುದು. ಕಿವಿಗೆ ಏನು ಬೀಳುತ್ತದೆ ಎಂಬುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ಅವರ ಪರೀಕ್ಷೆ ಇದ್ದದ್ದು ಯಾವ ಮಗುವಿಗೆ ಏನು ಕೇಳಿಸಬೇಕೆಂದು ಗುರುವಿಗೆ ತಿಳಿಯಲೆಂದು. ಹಾಗಿದ್ದ ಮೇಲೆ ಎರಡನೆಯ ತರಗತಿಯ ಬಿ+ ಅಳೆದದ್ದು ಮಗುವನ್ನಲ್ಲ, ಅದರ ಮನೆಯನ್ನು: ಅಲ್ಲಿ ಯಾರು ಹಾಡುತ್ತಿದ್ದರು, ಯಾವ ಹಾಡು, ಅಥವಾ ಯಾರೂ ಹಾಡುತ್ತಿರಲಿಲ್ಲವೇ. ಇನ್ನೊಂದು ಪ್ರಯೋಗ ಇನ್ನೂ ಹತ್ತಿರ ಬರುತ್ತದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನೋವಿಜ್ಞಾನಿಗಳು ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ವಾರವೆರಡು ವಾರ ಕಳೆದು ನೋಡಿದರೆ ಪ್ರಶಸ್ತಿಗಾಗಿ ಬರೆದ ಮಕ್ಕಳು ಮಿಕ್ಕವರು ಬರೆಯುವ ಸಮಯದ ಅರ್ಧದಷ್ಟೇ ಬಣ್ಣದ ಪೆನ್ನು ಮುಟ್ಟುತ್ತಿದ್ದರು. ಅನಿರೀಕ್ಷಿತವಾಗಿ ಪಡೆದವರ ಆಸೆ ಕುಂದಿರಲಿಲ್ಲ. ಅಮೆರಿಕದ ಒಂದು ಶಿಶುವಿಹಾರದ ಚಿತ್ರಕಲೆಯಿಂದ ಬದನಗುಪ್ಪೆಯ ಹಾಡಿಗೆ ನೇರ ದಾರಿ ಹಾಕುವುದು ತಪ್ಪಾದೀತು. ಆದರೂ ಈ ಕೊನೆಯ ವ್ಯತ್ಯಾಸ ಗಮನಾರ್ಹ. ರಾತ್ರಿಯ ಕಥೆಯ ನಡುವೆ ಮೆಚ್ಚಿದವರು ಎದ್ದು ಬಂದು ಹಾಡುಗಾರನ ಕೈಗೆ ಇಡುವ ಕಾಣಿಕೆ, ಭರತನ ಪ್ರೇಕ್ಷಕರು ಎಸೆದ ಉಂಗುರ, ಇವೆಲ್ಲ ಹೇಳದೆ ಬಂದ ಮೆಚ್ಚುಗೆ. ಹಾಡಿನ ಮೇಲಿನ ಪ್ರೀತಿಯನ್ನು ಅವು ಕೊಂದದ್ದಿಲ್ಲ. ಮೊದಲೇ ತೂಗುಹಾಕಿದ ಎ, ಬಿ, ಸಿಗಳ ಪಟ್ಟಿಯ ಜಾತಿಯೇ ಬೇರೆ.

ಅಂಕ ಕೊಡುವುದು ಮನಸ್ಸಿಗೆ ಬಂದ ಹಾಗೆ ಆಗುತ್ತಿರುವುದೇ ತೊಂದರೆ, ಶ್ರುತಿಗೆ ಇಷ್ಟು, ಲಯಕ್ಕೆ ಇಷ್ಟು, ಭಾವಕ್ಕೆ ಇಷ್ಟು ಎಂದು ಮಾನದಂಡ ಬರೆದಿಟ್ಟರೆ ನ್ಯಾಯ ಸಿಗುತ್ತದೆ ಎನ್ನುವವರಿದ್ದಾರೆ. ಒಬ್ಬ ತೀರ್ಪುಗಾರನ ಮುಲಾಜಿಗಿಂತ ಬರೆದಿಟ್ಟ ಮಾನದಂಡ ಮೇಲು ಎಂಬುದು ನಿಜ. ಆದರೆ ಆ ಪಟ್ಟಿ ಎಲ್ಲಿಂದ ಬಂತು? ಅದು ಸುಗಮ ಸಂಗೀತದ ವೇದಿಕೆಯಿಂದ, ಸಂಗೀತ ಪರೀಕ್ಷೆಗಳ ಕೊಠಡಿಯಿಂದ ಬಂದದ್ದು. ನಯವಾದ, ಮೈಕಿಗೆ ಒಗ್ಗುವ, ಹಾರ್ಮೋನಿಯಂ ಮನೆಗೆ ಸರಿಯಾಗಿ ಕೂರುವ ದನಿ ಅದರ ಕಣ್ಣಿಗೆ ಒಳ್ಳೆಯ ದನಿ. ನೀಲಗಾರನ ಎತ್ತರದ, ಬಯಲಲ್ಲಿ ಮೈಕಿಲ್ಲದೆ ದೂರದವರೆಗೆ ಮುಟ್ಟಬೇಕಾದ, ಕೊಂಚ ಒರಟಾದ ದನಿಯನ್ನು ಮನೆಯಿಂದ ಹೊತ್ತುತಂದ ಮಗುವಿಗೆ ಈ ಪಟ್ಟಿಯಲ್ಲಿ ಶ್ರುತಿಯ ಅಂಕ ಬೀಳುವುದಿಲ್ಲ. ಸೋಲಿಗರ ಗೊರುಕ ಹಾಡಿಗಂತೂ ಇದು ಅನ್ವಯಿಸುವುದೇ ಇಲ್ಲ. ಎಲ್ಲರೂ ಕೂಡಿ ಹಾಡಿ ಹೆಜ್ಜೆ ಹಾಕುವಲ್ಲಿ ‘ಈ ಮಗುವಿನ’ ಹಾಡು ಯಾವುದು ಎಂದು ಬೇರ್ಪಡಿಸಿ ತೆಗೆಯುವುದು ಹೇಗೆ? ಮಂಟೇಸ್ವಾಮಿ ಪರಂಪರೆಯನ್ನು ಹೊತ್ತು ಬಂದವರಲ್ಲಿ ದಲಿತರು, ದುಡಿಯುವ ಜಾತಿಗಳವರು ಬಹಳ. ಅವರ ಮಕ್ಕಳ ಕೊರಳಿಗೆ ಎರಡನೆಯ ತರಗತಿಯಲ್ಲೇ ‘ಸಾಧಾರಣ’ ಎಂಬ ಚೀಟಿ ಅಂಟಿಸುವ ಮಾನದಂಡವನ್ನು ನಿಷ್ಪಕ್ಷಪಾತ ಎಂದು ಕರೆಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಕಲ್ಯಾಣದ ಬಾಗಿಲವರ ಕೈಯಲ್ಲಿಯೂ ಒಂದು ಮಾನದಂಡ ಇತ್ತು.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಬೇರೆಯೇ ಇದೆ. ಅಂಕವಿಲ್ಲದ ವಿಷಯಕ್ಕೆ ನಮ್ಮ ಶಾಲೆಗಳಲ್ಲಿ ಪೀರಿಯಡ್ಡೂ ಉಳಿಯುವುದಿಲ್ಲ. ಚೌಕ ತೆಗೆದರೆ ಹಾಡೂ ಹೋಗುತ್ತದೆ. ಇರುವ ಒಂದು ಹೊತ್ತನ್ನೂ ಗಣಿತ ನುಂಗುತ್ತದೆ. ಜೊತೆಗೆ ಪ್ರತಿಭಾ ಕಾರಂಜಿ ಇಲ್ಲದಿದ್ದರೆ ಹಳ್ಳಿಯ ಎಷ್ಟೋ ಮಕ್ಕಳು ಮೈಕಿನ ಮುಂದೆ ನಿಲ್ಲುವ ಅವಕಾಶವನ್ನೇ ಕಾಣುತ್ತಿರಲಿಲ್ಲ. ಶಾಲೆಯಿಂದ ಕ್ಲಸ್ಟರ್, ಅಲ್ಲಿಂದ ತಾಲ್ಲೂಕು, ಜಿಲ್ಲೆ ಎಂದು ಹತ್ತುವ ಆ ಸ್ಪರ್ಧೆಯಿಂದ ಬಡವರ ಮನೆಯ ಪ್ರತಿಭೆ ಬೆಳಕಿಗೆ ಬಂದದ್ದುಂಟು. ಇದನ್ನು ಅಲ್ಲಗಳೆಯಲಾರೆ. ಆದರೆ ಹತ್ತು ಹನ್ನೆರಡು ವರ್ಷದವರಿಗೆ ಸಲ್ಲುವ ವಾದವನ್ನು ಒಂದರಿಂದ ನಾಲ್ಕನೆಯ ತರಗತಿಯವರಿಗೂ ಎಳೆಯಬೇಕೇ? ಕಾರಂಜಿಯಲ್ಲಿ ಆ ವಯಸ್ಸಿನವರಿಗೂ ಒಂದು ವಿಭಾಗ ಇದೆ. ಛದ್ಮವೇಷ, ಅಭಿನಯ ಗೀತೆಗಳ ಜೊತೆ ‘ಧಾರ್ಮಿಕ ಪಠಣ’ ಎಂಬ ಸ್ಪರ್ಧೆಯೂ ಇದೆ, ಸಂಸ್ಕೃತದಲ್ಲಿ ಮತ್ತು ಅರೇಬಿಕ್‌ನಲ್ಲಿ. ಉಚ್ಚಾರಣೆಯ ಶುದ್ಧಿಗೆ ಅಂಕ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೂ ಪ್ರಾರ್ಥನೆಯಲ್ಲಿ ಮೊದಲನೆಯ ಸ್ಥಾನ, ಎರಡನೆಯ ಸ್ಥಾನ ಎಂಬ ಮಾತು ಎರಡೂ ಧರ್ಮದ ಹಿರಿಯರ ಕಿವಿಗೆ ಕರ್ಕಶವಾಗಿ ಕೇಳಿಸಬೇಕಿತ್ತು; ಕೇಳಿಸಿದಂತೆ ಕಾಣೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೆಯ ವಿಧಿ. ಅದೇ ತರ್ಕದಿಂದ ನೋಡಿದರೆ ಭಕ್ತಿಯನ್ನು ಕಲಿಸಬಾರದ ಶಾಲೆಗೆ ಭಕ್ತಿಗೆ ಅಂಕ ಹಾಕುವ ಅಧಿಕಾರ ಮೊದಲೇ ಇಲ್ಲ. ಭಾವಕ್ಕೆ ಇಷ್ಟು ಅಂಕ ಎಂದು ಬರೆದು ಮಾದಪ್ಪನ ಹಾಡು ಹಾಡಿಸುವಾಗ ನಾವು ಅಳೆಯುತ್ತಿರುವುದು ಏನನ್ನು? ಮಗುವಿನ ನಟನೆಯನ್ನಾದರೆ ಅದು ಸುಳ್ಳು ಕಲಿಸಿದಂತೆ. ನಿಜವಾದ ಭಾವವನ್ನಾದರೆ ಅದು ಸರ್ಕಾರದ ಕೈಗೆ ಸೇರಿದ್ದಲ್ಲ.

ಅಂಕ ತೆಗೆದರೆ ಹಾಡು ಹೋಗುತ್ತದೆ ಎಂಬ ಭಯಕ್ಕೆ ಉತ್ತರ ಅಂಕವಲ್ಲ, ಹೊತ್ತು. ವೇಳಾಪಟ್ಟಿಯಲ್ಲಿ ಹಾಡಿನ ಹೊತ್ತು ಉಳಿದಿದೆಯೇ, ಆ ಹೊತ್ತಿನಲ್ಲಿ ಹಾಡು ನಡೆಯಿತೇ ಎಂದು ಕೇಳುವುದು ಇಲಾಖೆಯ ಕೆಲಸ. ಅಳೆಯಬೇಕಾದರೆ ಶಾಲೆಯನ್ನು ಅಳೆಯಲಿ, ಮಗುವನ್ನು ಮರೆಯದೆ. ರಂಗನಿರ್ದೇಶಕ ಬಿ.ವಿ. ಕಾರಂತರು ಟಾಗೋರರ ಗಿಳಿಯ ಕಥೆಯನ್ನು ‘ಪಂಜರಶಾಲೆ’ ಎಂಬ ಮಕ್ಕಳ ನಾಟಕವಾಗಿಸಿದರು. ಅದರಲ್ಲಿ ಪಂಜರಕ್ಕೆ, ಪುಸ್ತಕಕ್ಕೆ, ಮೇಲ್ವಿಚಾರಕರಿಗೆ ಯಾವ ಕೊರತೆಯೂ ಇಲ್ಲ, ತಪಾಸಣೆಗೂ ಇಲ್ಲ. ಗಿಳಿಯ ಕಡೆ ನೋಡುವವರು ಮಾತ್ರ ಇಲ್ಲ. ಅದೇ ಕಾರಂತರು 1989ರಲ್ಲಿ ಕಟ್ಟಿದ ಮೈಸೂರಿನ ರಂಗಾಯಣದಲ್ಲಿ ಬೇಸಿಗೆಯ ಚಿನ್ನರ ಮೇಳ ನಡೆಯುತ್ತದೆ. ಅಲ್ಲಿ ಹಾಡಿ ಕುಣಿದ ಮಕ್ಕಳಿಗೆ ರ‍್ಯಾಂಕು ಕೊಡಬೇಕೆಂದು ಯಾವ ತಂದೆತಾಯಿಯೂ ಹಟ ಹಿಡಿಯುವುದಿಲ್ಲ.

ಉಳಿಯುವುದು ಹಿಮ್ಮೇಳದ ಪ್ರಶ್ನೆ. ಶಿಕ್ಷಕಿಗೇ ಹಾಡಲು ಬಾರದಿದ್ದರೆ? ಹಿಮ್ಮೇಳಕ್ಕೆ ಒಳ್ಳೆಯ ಕಂಠ ಬೇಡ, ಸೊಲ್ಲು ಎತ್ತಿಕೊಳ್ಳುವ ಮನಸ್ಸಿದ್ದರೆ ಆಯಿತು. ಮೇಳಕ್ಕೆ ಹೊಸಬ ನಿಂತದ್ದೂ ಹಾಗೆಯೇ. ನಲಿ–ಕಲಿಯ ತಟ್ಟೆಗಳ ವ್ಯವಸ್ಥೆಯಲ್ಲಿ ಶಿಕ್ಷಕರ ಬೆಂಬಲದ ತಟ್ಟೆ ಇದ್ದ ಹಾಗೆ ಸಹಪಾಠಿಗಳ ಬೆಂಬಲದ ತಟ್ಟೆಯೂ ಇದೆ; ಹಾಡು ಬಲ್ಲ ಮಗು ಮುಂದೆ, ಶಿಕ್ಷಕಿ ಹಿಂದೆ ನಿಲ್ಲಲು ಅದೇ ಸಾಕು. ಊರಿನ ಕಂಸಾಳೆಯವರನ್ನೋ ಸೋಬಾನೆ ಹೇಳುವ ಅಜ್ಜಿಯನ್ನೋ ತಿಂಗಳಿಗೊಮ್ಮೆ ಕರೆದು ಕೂರಿಸಿಕೊಳ್ಳಲು ಯಾವ ಸುತ್ತೋಲೆಯೂ ಅಡ್ಡ ಬರುವುದಿಲ್ಲ, ಅವರನ್ನು ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸದಿದ್ದರೆ ಸರಿ. ಜೊತೆಗೆ ಹಾಡಿದವರಿಗೆ ಕಾಣುವುದು ಹೊರಗೆ ಕೂತವರಿಗೆ ಕಾಣುವುದಿಲ್ಲ: ಈ ಹುಡುಗಿ ಒಬ್ಬಳೇ ಹಾಡಿದರೆ ಎರಡನೆಯ ಸಾಲಿಗೆ ಗತಿ ಓಡಿಸುತ್ತಾಳೆ, ಪಕ್ಕದಲ್ಲಿ ಯಾರಾದರೂ ತಾಳ ಹಾಕಿದರೆ ನಿಲ್ಲುತ್ತಾಳೆ, ಈ ಹುಡುಗ ಬಾಯಿ ತೆರೆಯುವುದಿಲ್ಲ, ಆದರೆ ಅವನ ಕಾಲ ಬೆರಳು ತಾಳ ತಪ್ಪುವುದಿಲ್ಲ. ಪ್ರಗತಿಪತ್ರದ ಚೌಕ ಚಿಕ್ಕದು. ಇಷ್ಟನ್ನು ಅದರಲ್ಲಿ ಬರೆಯಲಾಗುವುದಿಲ್ಲ ಎಂದರೆ ಚೌಕವನ್ನು ದೊಡ್ಡದು ಮಾಡಬೇಕು. ನಲಿ–ಕಲಿ ಮುಗಿಸಿ ನಾಲ್ಕನೆಯ ತರಗತಿಗೆ ಹೋದಾಗ ಅದನ್ನು ಓದುವ ಹೊಸ ಶಿಕ್ಷಕರಿಗೆ ಬಿ+ ಎಂಬ ಅಕ್ಷರದಿಂದ ಏನೂ ತಿಳಿಯುವುದಿಲ್ಲ. ಕಾಲ ಬೆರಳಿನ ಆ ಒಂದು ಸಾಲು ಓದಿದವರು, ಮೊದಲ ದಿನವೇ ಆ ಹುಡುಗನ ಕೈಗೆ ಒಂದು ಜೊತೆ ತಾಳ ಕೊಟ್ಟಾರು.